ಕುಂತ ಉಸುರು

1956ರ ನವೆಂಬರ್ 1, ಗುರುವಾರ. ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳು ಅಂದು ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದವು. ಅಂದು ಮಧ್ಯಾಹ್ನ ಶಹಾಪುರದ ಬಸ್ ನಿಲ್ದಾಣದ ಹಿಂದೆ, ಬೇವಿನ ಮರದ ಕೆಳಗೆ, ಒಂದು ಕಪ್ಪು ಕಾರು ನಿಂತಿತ್ತು. ಅದರ ಹಿಂದಿನ ಸೀಟಿನಲ್ಲಿ ಹೆರಿಗೆ ನೋವಿನ ಹೆಣ್ಣುಮಗಳೊಬ್ಬಳು ಮಲಗಿದ್ದಳು. ಬಾನೆಟ್ಟಿನೊಳಗೆ ತಲೆ ಹಾಕಿದ್ದ ಮಿಸ್ತ್ರಿ ತಲೆ ಎತ್ತಿ ಮೂರು ಶಬ್ದ ಹೇಳಿದರು. ಆ ಮೂರು ಶಬ್ದಗಳನ್ನು ಯಾದಗಿರಿಗೆ ಮುಟ್ಟಿಸಿದವನು ನಾನು.

ಮಿಸ್ತ್ರಿಯ ಹೆಸರು ಬರೆಯುವುದಿಲ್ಲ. ಮೋಟಾರು ರಿಪೇರಿಗೆ ಆಗ ಶಹಾಪುರದಲ್ಲಿ ಇದ್ದವರು ಅವರೊಬ್ಬರೇ. ಎಲ್ಲರೂ ಮಿಸ್ತ್ರಿ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಕುಳ್ಳಗಿನ ಗಟ್ಟಿ ಆಳು. ಕೆಂಭಾವಿ ಕಡೆಯ ಹಳ್ಳಿಯವರು, ಕುರಿ ಸಾಕುವ ಮನೆತನ. ಗಾಡಿಯ ಕೆಳಗೆ ಹೋಗಬೇಕಾದರೆ ನೆಲಕ್ಕೆ ಗೋಣಿತಟ್ಟು ಹಾಸುತ್ತಿರಲಿಲ್ಲ. ಅಪ್ಪನ ಕರಿ ಕಂಬಳಿ ಹಾಸುತ್ತಿದ್ದರು. ಎಣ್ಣೆ ಕುಡಿದು ಕುಡಿದು ಅದು ಚರ್ಮದಂತಾಗಿತ್ತು.

ಅವರು ಹೇಳಿ ನಾನು ಕೇಳಿದ್ದು: ಹರೆಯದಲ್ಲಿ ಕುರಿಹಟ್ಟಿಯ ಪಕ್ಕ ಮಲಗುತ್ತಿದ್ದಾಗ, ಯಾವ ಕುರಿಗೆ ಜಡ್ಡು ಹತ್ತಿದೆ ಎಂದು ಕಣ್ಣು ಮುಚ್ಚಿಕೊಂಡೇ ಉಸಿರಿನ ಮೇಲೆ ಹೇಳುತ್ತಿದ್ದರಂತೆ. ನಾನು ಕಣ್ಣಾರೆ ನೋಡಿದ್ದು: ಚಾಲೂ ಇದ್ದ ಇಂಜಿನ್ನಿನ ಮೇಲೆ ಅಂಗೈ ಇಟ್ಟು, ಬಲಗಿವಿ ಮುಂದೆ ಮಾಡಿ, ಅದೇ ರೀತಿ ಕಣ್ಣು ಮುಚ್ಚುತ್ತಿದ್ದರು. ಆ ಹೊತ್ತಿನಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಬಸ್ಸಿನ ಏಜೆಂಟರು ಸಹ ಕೂಗು ನಿಲ್ಲಿಸುತ್ತಿದ್ದರು.

ಕೆಲಸ ಕಲಿತದ್ದು ಹೈದರಾಬಾದಿನ ಲಾರಿ ಕಾರ್ಖಾನೆಯಲ್ಲಿ, ದಖನಿ ಮಾತಾಡುವ ಉಸ್ತಾದರ ಕೈಕೆಳಗೆ. ಹಾಗಾಗಿ ಹತಾರಗಳ ಹೆಸರೆಲ್ಲ ಉರ್ದು. ತಿರುಪು ತಿರುಗಿಸುವುದು ಪೇಚಕಸ, ತಿರುಪು ಪೇಚು. ಆದರೆ ಇಂಜಿನ್ನಿನ ಅಂಗಾಂಗಗಳಿಗೆ ಅವರು ಕುರಿಗಾರನ ಕನ್ನಡದಲ್ಲಿ ಹೆಸರಿಟ್ಟಿದ್ದರು. ರೇಡಿಯೇಟರು ಎದೆ. ಗಾಳಿಯೂ ಪೆಟ್ರೋಲೂ ಕೂಡಿ ಒಳಗೆ ಹೋಗುವ ಕಾರ್ಬೋರೇಟರು ಮೂಗು. ಗಾಡಿ ನಿಂತಾಗ, ಚಾಲಕ ಪೆಡಲಿನಿಂದ ಕಾಲು ತೆಗೆದಾಗ, ಇಂಜಿನ್ನು ಆರದೆ ಮೆಲ್ಲಗೆ ಓಡುತ್ತಿರಬೇಕಲ್ಲ, ಅದು ಉಸುರು. ಆ ಉಸುರಿಗೆ ಬೇಕಾಗುವಷ್ಟು ಗಾಳಿಯನ್ನು ಒಂದು ಸಣ್ಣ ಪೇಚು ಕಾಯುತ್ತದೆ. ಹೆಚ್ಚು ಬಿಗಿದರೆ ಕಟ್ಟುತ್ತದೆ, ಸಡಿಲ ಬಿಟ್ಟರೆ ತೇಕುತ್ತದೆ. ಮಿಸ್ತ್ರಿಯ ಹೆಸರು ಮೂರು ತಾಲ್ಲೂಕಿಗೆ ಹಬ್ಬಿದ್ದು ಈ ಒಂದು ಪೇಚಿನಿಂದ.

ಅದನ್ನು ಸರಿಮಾಡುವಾಗ ಬಾನೆಟ್ಟಿನ ಅಂಚಿನ ಮೇಲೆ ಒಂದು ಬಸಿ ಚಹಾ ಇಡಿಸುತ್ತಿದ್ದರು. ಪೇಚನ್ನು ಕಾಲು ಸುತ್ತು ತಿರುಗಿಸುವುದು, ಚಹಾ ನೋಡುವುದು. ಮತ್ತೆ ಅರ್ಧ ಕಾಲು ಸುತ್ತು. ಚಹಾದ ಮೇಲಿನ ಕೆನೆ ನಡುಗುವುದು ಬಿಟ್ಟಾಗ "ನಿಂತದ" ಎನ್ನುತ್ತಿದ್ದರು. ಕಂಬ ನೆಟ್ಟಗೆ ನಿಂತಂತೆ ನಿಂತಿದೆ, ಅಲುಗುವುದಿಲ್ಲ ಎಂಬ ಅರ್ಥ. ಬಸ್ಸು ಲಾರಿಗಳ ಚಾಲಕರೆಲ್ಲ ಈ ಮಾತನ್ನು ಅವರಿಂದ ಕಲಿತಿದ್ದರು. "ಉಸುರು ನಿಂತದ ಏನ್ರಿ?" ಎಂದು ಕೇಳುತ್ತಿದ್ದರು. ನಿಂತಿದೆ ಎಂದರೆ ನಗುತ್ತ ಗಾಡಿ ಹತ್ತುತ್ತಿದ್ದರು.

ಒಬ್ಬ ಬಸ್ ಚಾಲಕ ಒಮ್ಮೆ ಬೇಸತ್ತು, "ಮಿಸ್ತ್ರಿ, ನಿಮ್ಮ ಚಾ ಆರಿ ಹೋತು" ಎಂದ.

"ಆರಲಿ ಬಿಡೊ. ನಿನ್ನ ಗಾಡಿ ಆರಬಾರದು" ಎಂದರು ಮಿಸ್ತ್ರಿ, ಕಣ್ಣು ತೆರೆಯದೆ.

ನನಗೆ ಆಗ ಇಪ್ಪತ್ತನಾಲ್ಕು ವರ್ಷ. ಮೂರು ತಾಲ್ಲೂಕುಗಳ ಸುದ್ದಿಯನ್ನು ಒಂದು ಪತ್ರಿಕೆಗೆ ಕಳಿಸುತ್ತಿದ್ದೆ. ಕೂರಲು ಕಚೇರಿ ಇರಲಿಲ್ಲ. ಬಂದು ಹೋಗುವ ಚಾಲಕರಿಂದ ಸುದ್ದಿ ಸಿಗುತ್ತದೆಂದು ಮಿಸ್ತ್ರಿಯ ಬೇವಿನ ಮರದ ಕೆಳಗೆ ಕೂರುತ್ತಿದ್ದೆ. ಸಂಪಾದಕರು ನನಗೆ ಕಲಿಸಿದ್ದು ಒಂದೇ ನಿಯಮ: ಹೇಳಿದವರು ಹೇಳಿದ್ದನ್ನು ಹೇಳಿದಂತೆ ಕಳಿಸು, ನಿನ್ನದೊಂದು ಶಬ್ದ ಸೇರಿಸಬೇಡ. ಇದನ್ನು ನಾನು ಮಿಸ್ತ್ರಿಗೆ ಹೇಳಿದ್ದೆ. ಅವರಿಗೆ ಅದು ಬಹಳ ಹಿಡಿಸಿತ್ತು. ದಿನಾ ನನ್ನನ್ನು ಕಂಡ ಕೂಡಲೆ, "ಏನ್ ಪೇಪರ್ ಸಾಹೇಬ್ರ, ಇವತ್ತ ಯಾರ ಮಾತು ಹೊತ್ತೀರಿ?" ಎಂದು ಕೇಳುತ್ತಿದ್ದರು.

ನವೆಂಬರ್ ಒಂದರ ಬೆಳಿಗ್ಗೆ ಶಹಾಪುರದಲ್ಲಿ ಧ್ವಜ ಏರಿಸಿದರು, ಮಕ್ಕಳಿಗೆ ಪೇಢೆ ಹಂಚಿದರು. ಮರುದಿನ ದೀಪಾವಳಿ ಅಮಾವಾಸ್ಯೆ. ಅಂಗಡಿಗಳು ಅರ್ಧ ತೆರೆದಿದ್ದವು. ವರದಿ ಬರೆದುಕೊಂಡು ಯಾದಗಿರಿಗೆ ಹೋಗಿ ತಂತಿ ಕೊಡಬೇಕೆಂದು ನಾನು ಮರದ ಕೆಳಗೆ ಗಾಡಿ ಕಾಯುತ್ತಿದ್ದೆ. ಆಗ ಆ ಕಪ್ಪು ಕಾರು ಬಂತು. ಬಂತು ಎನ್ನುವುದಕ್ಕಿಂತ, ಕೊನೆಯ ಇನ್ನೂರು ಗಜ ಅದನ್ನು ಜನ ನೂಕಿಕೊಂಡು ಬಂದರು.

ಕಾರು ಸುರಪುರದ ಪಕ್ಕದ ರಂಗಂಪೇಟೆಯ ಒಬ್ಬ ಹತ್ತಿ ವ್ಯಾಪಾರಿಯದು. ಒಳಗಿದ್ದವಳು ಅಲ್ಲಿನ ಪ್ರಾಥಮಿಕ ಶಾಲೆಯ ಮಾಸ್ತರರ ಹೆಂಡತಿ. ಚೊಚ್ಚಲ ಬಸಿರು. ನೋವು ಶುರುವಾಗಿ ಎರಡು ದಿನವಾಗಿತ್ತು. ಮಗು ಅಡ್ಡ ಮಲಗಿದೆ, ತನ್ನ ಕೈಲಾಗದು ಎಂದು ಸೂಲಗಿತ್ತಿ ಕೈಬಿಟ್ಟಿದ್ದಳು. ಜೊತೆಗೆ ಅವಳ ಅತ್ತೆ ಇದ್ದರು. ಮಾಸ್ತರರು ಬೆಳಗಿನ ಮೊದಲ ಬಸ್ಸಿಗೇ ಯಾದಗಿರಿಗೆ ಹೋಗಿದ್ದರು.

ಅವರು ಮುಂದೆ ಹೋಗಿದ್ದಕ್ಕೆ ಕಾರಣವಿತ್ತು. ರಾಜ್ಯ ಒಡೆದಾಗ ನೌಕರರನ್ನೂ ಹಂಚಿದ್ದರು. ಯಾದಗಿರಿಯ ದವಾಖಾನೆಯ ಡಾಕ್ಟರಮ್ಮ ತೆಲುಗಿನವರು, ಆಂಧ್ರದ ಕಡೆಗೆ ಹೋಗಬೇಕಿತ್ತು. ಹಿಂದಿನ ದಿನವೇ ಚಾರ್ಜು ಬಿಟ್ಟುಕೊಟ್ಟಿದ್ದರು. ಅವರ ಜಾಗಕ್ಕೆ ಬರುವವರು ಇನ್ನೂ ಬಂದಿರಲಿಲ್ಲ. ಅಡ್ಡ ಮಲಗಿದ ಮಗುವನ್ನು ತೆಗೆಯಬಲ್ಲವರು ಆ ಸುತ್ತಿನಲ್ಲಿ ಅವರೊಬ್ಬರೇ. ಮಾಸ್ತರರು ಅವರ ಕಾಲು ಹಿಡಿದುಕೊಂಡರು. ಡಾಕ್ಟರಮ್ಮ ಬೆಳಗಿನ ಗಾಡಿ ಬಿಟ್ಟರು. ಎರಡು ಟ್ರಂಕು, ಒಂದು ಬೆತ್ತದ ಬುಟ್ಟಿ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಇಟ್ಟುಕೊಂಡು ಕೂತರು. ರಾಯಚೂರು ಕಡೆಗೆ ಹೋಗುವ ಮಧ್ಯಾಹ್ನದ ಪ್ಯಾಸೆಂಜರ್ ಹೊರಡುವ ತನಕ ಕಾಯುತ್ತೇನೆ, ಅಷ್ಟರೊಳಗೆ ಅವಳು ಬಂದರೆ, ಇಲ್ಲವೇ ಬರುತ್ತಿದ್ದಾಳೆ ಎಂಬ ಖಾತ್ರಿ ಸಿಕ್ಕರೆ, ಉಳಿದುಕೊಳ್ಳುತ್ತೇನೆ ಎಂದು ಮಾತು ಕೊಟ್ಟರು.

ಈ ಸುದ್ದಿಯನ್ನು ಮಾಸ್ತರರು ಮರಳುವ ಬಸ್ಸಿನವನ ಕೈಯಲ್ಲಿ ಮನೆಗೆ ಹೇಳಿ ಕಳಿಸಿದ್ದರು. ಇದಿಷ್ಟನ್ನು ಅತ್ತೆ ಮಿಸ್ತ್ರಿಗೆ ಒಂದೇ ಉಸಿರಿಗೆ ಹೇಳಿದರು. ಕಾರಿನ ಡ್ರೈವರು ತನ್ನ ಪಾಲಿನದು ಹೇಳಿದ: ಪೆಡಲಿನಿಂದ ಕಾಲು ತೆಗೆದರೆ ಸಾಕು, ಇಂಜಿನ್ನು ಆರುತ್ತದೆ. ಬ್ಯಾಟರಿ ಸತ್ತಿದೆ. ಪ್ರತಿ ಸಲ ಮುಂದೆ ಹ್ಯಾಂಡಲ್ ಹಾಕಿ ತಿರುವಬೇಕು. ಸುರಪುರದಿಂದ ಇಲ್ಲಿಯವರೆಗೆ ಒಂಬತ್ತು ಸಲ ಆರಿದೆ. ಎತ್ತಿನ ಬಂಡಿ ಅಡ್ಡ ಬಂದರೆ ಆರುತ್ತದೆ, ಕುರಿ ಹಿಂಡು ಬಂದರೆ ಆರುತ್ತದೆ.

ಹ್ಯಾಂಡಲ್ ತಿರುವಿದಾಗಲೆಲ್ಲ ಕಾರು ಜಗ್ಗಿ ಅಲುಗುತ್ತಿತ್ತು. ಒಳಗಿನಿಂದ ಬರುತ್ತಿದ್ದ ಸದ್ದು ಕೂಗೂ ಅಲ್ಲ, ನರಳಿಕೆಯೂ ಅಲ್ಲ. ಅತ್ತೆ ಬಾಗಿಲನ್ನು ಎರಡೂ ಕೈಯಿಂದ ಹಿಡಿದುಕೊಂಡು ನಿಂತಿದ್ದರು, ಹಿಡಿದರೆ ಅಲುಗುವುದು ನಿಲ್ಲುತ್ತದೆ ಎಂಬಂತೆ.

"ಯಪ್ಪಾ, ಇದು ಅಲುಗಿದ್ರ ಆಕಿ ಜೀವ ಹೋದಂಗ ಆಗತದ" ಎಂದರು. "ಅಲುಗದಂಗ ಮಾಡು. ಭಾಳ ಕೇಳೂದಿಲ್ಲ ನಾ."

ಮಿಸ್ತ್ರಿ ಡ್ರೈವರನಿಗೆ ಪೆಡಲು ಒತ್ತಿ ಇಂಜಿನ್ನು ಓಡಿಸುತ್ತಿರಲು ಹೇಳಿದರು. ಕಂಬಳಿಯಿಂದ ಒಂದು ಉಣ್ಣೆಯ ಎಳೆ ಕಿತ್ತರು. ಅದನ್ನು ಎರಡು ಬೆರಳಲ್ಲಿ ಹಿಡಿದು ಕಾರ್ಬೋರೇಟರಿನ ಸುತ್ತ ಮೆಲ್ಲಗೆ ತಂದರು. ಬುಡದ ಹತ್ತಿರ, ಎಡಬದಿಗೆ, ಎಳೆ ಸೊಯ್ಯನೆ ಒಳಕ್ಕೆ ಬಾಗಿತು. ಅಲ್ಲಿ ಕೂಡಿಸಿದ ಜಾಗದಲ್ಲಿ ಗಾಳಿ ನುಸುಳದಂತೆ ಇಟ್ಟಿದ್ದ ಪ್ಯಾಕಿಂಗ್ ಸೀಳಿತ್ತು. ಮೂಗು ಬಿಟ್ಟು ಬೇರೆ ಕಡೆಯಿಂದ ಗಾಳಿ ಎಳೆದುಕೊಳ್ಳುತ್ತಿತ್ತು. ಪೇಚನ್ನು ಎಷ್ಟು ತಿರುಗಿಸಿದರೂ ಉಪಯೋಗವಿರಲಿಲ್ಲ.

ಹೊಸ ಪ್ಯಾಕಿಂಗ್ ಬೇಕೆಂದರೆ ಹೈದರಾಬಾದಿಗೆ ಹೋಗಬೇಕು. ಮಿಸ್ತ್ರಿ ತಮ್ಮ ತಗಡಿನ ಪೆಟ್ಟಿಗೆಯಿಂದ ಒಂದು ದಪ್ಪ ರಟ್ಟು ತೆಗೆದರು. ಕಚೇರಿಗಳಲ್ಲಿ ಬೇಡವಾದ ಹಳೆಯ ದಫ್ತರಗಳ ಹೊದಿಕೆಯನ್ನು ಅವರು ಇಂಥದಕ್ಕೆಂದೇ ಕೂಡಿಡುತ್ತಿದ್ದರು. ಅದರ ಮೇಲೆ ಉರ್ದುವಿನಲ್ಲಿ ಒಂದು ಸಾಲು ಇತ್ತು. ನಾನು ಓದಲಿಲ್ಲ. ಕತ್ತರಿಯಿಂದ ಅಳತೆಗೆ ಕತ್ತರಿಸಿ, ಔಡಲೆಣ್ಣೆಯಲ್ಲಿ ಅದ್ದಿ, ಕೂಡಿಸಿ ಬಿಗಿದರು. ಅರ್ಧ ಗಂಟೆ ಹಿಡಿಯಿತು. ಆ ಅರ್ಧ ಗಂಟೆ ಇಂಜಿನ್ನು ಬಂದಾಗಿತ್ತು. ಒಳಗಿನ ಉಸಿರಾಟ ಮರದ ಕೆಳಗೆಲ್ಲ ಕೇಳುತ್ತಿತ್ತು. ನಾನು ಗಡಿಯಾರ ನೋಡುತ್ತಿದ್ದೆ. ಮಿಸ್ತ್ರಿ ಒಮ್ಮೆಯೂ ಆ ಕಡೆ ತಿರುಗಲಿಲ್ಲ. ಕೈ ಮಾತ್ರ ಎರಡು ಸಲ ತಪ್ಪಿತು, ಹೆಬ್ಬೆರಳಿನಿಂದ ರಕ್ತ ಬಂತು.

ಕೊನೆಯ ಸಲ ಹ್ಯಾಂಡಲ್ ತಿರುವಿದರು. ಡ್ರೈವರನಿಗೆ ಕಾಲು ತೆಗೆಯಲು ಹೇಳಿದರು. ಇಂಜಿನ್ನು ಮುಗ್ಗರಿಸಿತು, ಆರಲಿಲ್ಲ. ಅವತ್ತು ಬಸಿ ಇರಲಿಲ್ಲ, ಚಹಾ ಇರಲಿಲ್ಲ. ಅಂಗೈ ಇಟ್ಟರು, ಕಣ್ಣು ಮುಚ್ಚಿದರು. ಕಾಲು ಸುತ್ತು. ಇನ್ನೊಂದು ಕಾಲು. ಸ್ವಲ್ಪ ಹಿಂದಕ್ಕೆ. ಕಾರು ಅಲುಗುವುದು ನಿಂತಿತು. ಅತ್ತೆಯ ಕೈ ತಾನಾಗಿ ಬಾಗಿಲು ಬಿಟ್ಟಿತು.

ಅಷ್ಟರಲ್ಲಿ ಶೇಂಗಾ ಚೀಲ ಹೇರಿದ ಲಾರಿಯೊಂದು ಯಾದಗಿರಿಗೆ ಹೊರಟಿತ್ತು. ಕಾರು ಮೆಲ್ಲಗೆ ಹೋಗಬೇಕು, ಕುಣಿಯಲ್ಲಿ ಬಿದ್ದರೆ ಅವಳಿಗೆ ತಾಳದು. ಲಾರಿ ಅರ್ಧ ಗಂಟೆಯಾದರೂ ಮುಂಚೆ ಮುಟ್ಟುತ್ತದೆ. ಮಾಸ್ತರರಿಗೆ ತಿಳಿಸಿದರೆ ಡಾಕ್ಟರಮ್ಮ ನಿಲ್ಲುತ್ತಾರೆ. ಇದನ್ನು ಮಿಸ್ತ್ರಿಯೂ ನಾನೂ ಒಟ್ಟಿಗೇ ಯೋಚಿಸಿದೆವು. ನಾನು ಓಡಿ ಲಾರಿಯ ಚೀಲಗಳ ಮೇಲೆ ಹತ್ತಿದೆ. ಮಿಸ್ತ್ರಿ ಬಾನೆಟ್ಟಿನಿಂದ ತಲೆ ಎತ್ತಿದರು.

"ಉಸುರು ನಿಂತದ, ಬರಾಕತ್ತೀವಿ."

ಯಾದಗಿರಿ ಸ್ಟೇಷನ್ನಿನ ಹೊರಗೆ ಮಾಸ್ತರರು ರಸ್ತೆಯ ಕಡೆ ನೋಡುತ್ತ ಕಬ್ಬಿಣದ ಸರಳಿನ ಕಟಾಂಜನದ ಬಳಿ ನಿಂತಿದ್ದರು. ಅವರ ಮುಖ ನನಗೆ ಗುರುತಿತ್ತು. ಲಾರಿ ನಿಲ್ಲಲಿಲ್ಲ, ನಿಧಾನ ಮಾಡಿತು. ನಾನು ಚೀಲಗಳ ಮೇಲಿನಿಂದ ಒದರಿದೆ:

"ಮಾಸ್ತರ್ರ, ಉಸುರು ನಿಂತದ ಅಂತ. ಬರಾಕತ್ತಾರ."

ಅವರು ಕೈ ಎತ್ತಿದರು. ಕೇಳಿಸಿತು ಎಂದು ಎತ್ತಿದರೆಂದು ತಿಳಿದೆ. ಕಟಾಂಜನ ಹಿಡಿದುಕೊಳ್ಳಲು ಎತ್ತಿದ್ದು ಅದು. ಲಾರಿ ಮುಂದೆ ಹೋಯಿತು, ನಾನು ದವಾಖಾನೆಯ ಮುಂದೆ ಇಳಿದು ನರ್ಸಿಗೆ ನೀರು ಕಾಯಿಸಲು ಹೇಳಿದೆ.

ಆ ಮರದ ಕೆಳಗೆ ಎರಡು ವರ್ಷ ಕೂತಿದ್ದ ನನಗೆ ಆ ಮಾತಿಗೆ ಒಂದೇ ಅರ್ಥ ಉಳಿದಿತ್ತು. ಊರಿನವರಿಗೆ ಉಳಿದದ್ದು ಇನ್ನೊಂದು ಅರ್ಥ.

ಪ್ಲಾಟ್‌ಫಾರ್ಮಿನಲ್ಲಿ ನಡೆದದ್ದನ್ನು ಮಾಸ್ತರರೇ ಆಮೇಲೆ ಹೇಳಿದರು. ಅವರು ಒಳಗೆ ಹೋಗಿ ಡಾಕ್ಟರಮ್ಮನ ಮುಂದೆ ನಿಂತರು. ಪ್ಯಾಸೆಂಜರ್ ಬಂದು ನಿಂತಿತ್ತು. "ಮುಗೀತ್ರಿ ಅಮ್ಮಾ. ನೀವು ಗಾಡ್ಯಾಗ ಕೂಡ್ರಿ" ಎಂದರು. ಡಾಕ್ಟರಮ್ಮ ಅವರ ಕೈ ಹಿಡಿದು ತೆಲುಗಿನಲ್ಲಿ ಏನೋ ಅಂದರು. ಟ್ರಂಕುಗಳನ್ನು ಮಾಸ್ತರರೇ ಎತ್ತಿ ಒಳಗಿಟ್ಟರು.

ಕಾರು ದವಾಖಾನೆಗೆ ಬಂದಾಗ ಮಿಸ್ತ್ರಿಯೇ ಓಡಿಸುತ್ತಿದ್ದರು. ರಟ್ಟಿನ ಪ್ಯಾಕಿಂಗ್ ದಾರಿಯಲ್ಲಿ ಕೈಕೊಟ್ಟೀತೆಂದು ಬಂದಿದ್ದರು. ಭೀಮಾ ಹೊಳೆಯ ಹತ್ತಿರ ಬಂಡಿಗಳ ಸಾಲಿನ ಹಿಂದೆ ಬಹಳ ಹೊತ್ತು ನಿಲ್ಲಬೇಕಾಯಿತಂತೆ. ಇಂಜಿನ್ನು ಆರಿರಲಿಲ್ಲ. ನರ್ಸು ನೋಡಿದರು. ಇದು ಡಾಕ್ಟರರ ಕೆಲಸ, ಬೇಗ ಕರೆಸಿ ಎಂದರು. ನಾನು ಸ್ಟೇಷನ್ನಿಗೆ ಓಡಿದೆ.

ಪ್ಲಾಟ್‌ಫಾರ್ಮು ಖಾಲಿ ಇತ್ತು. ಟ್ರಂಕುಗಳಿದ್ದ ಬೆಂಚಿನ ಮೇಲೆ ಮಾಸ್ತರರು ಕೂತಿದ್ದರು. ಡಾಕ್ಟರಮ್ಮ ಎಲ್ಲಿ ಎಂದು ಕೇಳಿದೆ.

"ಇನ್ನ ಯಾಕ್ರಿ ಅವ್ರು?" ಎಂದರು.

ಆಗ ನನಗೆ ತಿಳಿಯಿತು. "ಗಾಡೀದು, ಮಾಸ್ತರ್ರ" ಎಂದೆ. "ಉಸುರು ಗಾಡೀದು."

ಅವರಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಆಮೇಲೆ ಅವರು ಓಡಿದ ಹಾಗೆ ಯಾರೂ ಓಡಿದ್ದನ್ನು ನಾನು ನೋಡಿಲ್ಲ.

ಪ್ಯಾಸೆಂಜರ್ ಸೈದಾಪುರದಲ್ಲಿ ಎದುರಿನಿಂದ ಬರುವ ಗೂಡ್ಸ್ ಗಾಡಿಗೆ ದಾರಿ ಬಿಡಲು ನಿಲ್ಲುತ್ತದೆ ಎಂದು ಸ್ಟೇಷನ್ನಿನಲ್ಲಿ ಹೇಳಿದರು. ಗೂಡ್ಸ್ ತಡವಾದರೆ ಡಾಕ್ಟರಮ್ಮ ಸಿಗಬಹುದು, ಸಿಗದಿದ್ದರೆ ಅದೇ ದಾರಿಯಲ್ಲಿ ರಾಯಚೂರು. ಬೇರೆ ದಾರಿ ಇರಲಿಲ್ಲ. ಡ್ರೈವರು ಇಳಿದ. ಮುಂದೆ ಮಿಸ್ತ್ರಿ, ಮಾಸ್ತರರು, ನಾನು. ಹಿಂದೆ ಅತ್ತೆಯ ತೊಡೆಯ ಮೇಲೆ ಅವಳ ತಲೆ. ಮಾಸ್ತರರು ಹಿಂದಕ್ಕೆ ಕೈ ಚಾಚಿ ಅವಳ ಪಾದ ಹಿಡಿದುಕೊಂಡಿದ್ದರು. ಅವಳು ಒಂದೇ ಸಲ ಕಣ್ಣು ಬಿಟ್ಟು, "ಎಲ್ಲಿ ಬಂದೇವಿ?" ಎಂದು ಕೇಳಿದಳು. ಸೈದಾಪುರ ಬಂತು ಎಂದು ಮಾಸ್ತರರು ಸುಳ್ಳು ಹೇಳಿದರು. ಇನ್ನೂ ಅರ್ಧ ದಾರಿಯೂ ಆಗಿರಲಿಲ್ಲ.

ಸೈದಾಪುರಕ್ಕೆ ಮೊದಲು ಒಂದು ರೈಲ್ವೆ ಗೇಟು. ಅದು ಮುಚ್ಚಿತ್ತು. ಸೈದಾಪುರದ ಕಡೆಯಿಂದ ಗೂಡ್ಸ್ ಗಾಡಿ ಬರುತ್ತಿತ್ತು. ಅದು ಸೈದಾಪುರ ದಾಟಿ ಬಂದಿದೆ ಎಂದರೆ ಪ್ಯಾಸೆಂಜರ್ ಇನ್ನು ಕಾಯಬೇಕಿಲ್ಲ, ಹೊರಟುಬಿಡುತ್ತದೆ. ನಾವು ಮೂವರೂ ಒಳಗೊಳಗೇ ಲೆಕ್ಕ ಹಾಕಿದೆವು. ಡಬ್ಬಿಗಳು ಒಂದರ ಹಿಂದೊಂದು ದಾಟುತ್ತಿದ್ದವು. ಮಿಸ್ತ್ರಿ ಪೆಡಲಿನಿಂದ ಕಾಲು ತೆಗೆದಿದ್ದರು. ಇಂಜಿನ್ನು ಸಮನಾಗಿ ಓಡುತ್ತಿತ್ತು, ಗೂಡ್ಸಿನ ಸದ್ದಿನ ನಡುವೆಯೂ ಅದು ಕೇಳುತ್ತಿತ್ತು.

ಕೊನೆಯ ಡಬ್ಬಿ ದಾಟಿದ ಮೇಲೆ ಹಿಂದಿನಿಂದ ಅತ್ತೆಯ ದನಿ ಬಂತು. ಮೆಲ್ಲಗೆ, ಯಾರಿಗೆಂದೂ ಅಲ್ಲದಂತೆ.

"ಉಸುರು ನಿಂತದ."

ಮಿಸ್ತ್ರಿ ರಸ್ತೆ ನೋಡುತ್ತಿದ್ದರು. ತಲೆ ಆಡಿಸಿದರು. "ಹೌದವ್ವ, ನಿಂತದ. ಇನ್ನ ಆರೂದಿಲ್ಲ ಬಿಡು" ಎಂದರು.

ಗೇಟು ತೆರೆಯಿತು. ಗೇಟಿನವನು ಹೋಗಿ ಎಂದು ಕೈ ಬೀಸಿದ. ಮಿಸ್ತ್ರಿ ಗೇರು ಹಾಕಲು ಹೋದವರು ಕನ್ನಡಿಯಲ್ಲಿ ಹಿಂದಕ್ಕೆ ನೋಡಿದರು. ಅವರ ಕೈ ಗೇರಿನ ಮೇಲೇ ಉಳಿಯಿತು. ಗೇಟಿನವನು ಎರಡನೇ ಸಲ ಕೈ ಬೀಸಿದ, ಬೈದ, ಹತ್ತಿರ ಬಂದು ಒಳಗೆ ನೋಡಿ ಟೊಪ್ಪಿಗೆ ತೆಗೆದ.

ಕಾರು ಅಲ್ಲಿಂದ ಹಿಂದಿರುಗಿ ಯಾದಗಿರಿ, ಶಹಾಪುರ ದಾಟಿ ರಂಗಂಪೇಟೆಗೆ ಹೋಯಿತು. ದಾರಿಯಲ್ಲಿ ಎಲ್ಲೂ ಇಂಜಿನ್ನು ಆರಲಿಲ್ಲ. ಮನೆಯ ಮುಂದೆ ಮಿಸ್ತ್ರಿ ಕೀಲಿ ತಿರುಗಿಸಿ ಬಂದ್ ಮಾಡಿದರು.

ಮರುದಿನ ನಾನು ಕಳಿಸಿದ ವರದಿಯ ಪತ್ರಿಕೆ ತುಣುಕು ನನ್ನ ಬಳಿ ಇದೆ. ಆರು ಸಾಲು. ಮೂರೂ ತಾಲ್ಲೂಕುಗಳಲ್ಲಿ ಧ್ವಜಾರೋಹಣ ನಡೆಯಿತು, ಸಿಹಿ ಹಂಚಲಾಯಿತು, ಜನ ಹರ್ಷದಿಂದ ಪಾಲ್ಗೊಂಡರು. ಕೊನೆಯ ಸಾಲು: ಯಾವುದೇ ಅಹಿತಕರ ಘಟನೆ ನಡೆದ ವರದಿಯಿಲ್ಲ.

ಹದಿನೈದು ದಿನ ಮಿಸ್ತ್ರಿ ಪೆಟ್ಟಿಗೆ ತೆರೆಯಲಿಲ್ಲ. ತೆರೆದ ದಿನ ಒಂದು ಬಸ್ಸು ಬಂತು. ಉಸುರು ಸರಿಮಾಡಿ ಅಂಗೈ ತೆಗೆದರು. ಚಾಲಕ ಹಳೆಯ ರೂಢಿಯಂತೆ ಕೇಳಿದ, ನಿಂತದ ಏನ್ರಿ ಎಂದು. ಮಿಸ್ತ್ರಿ ಪೇಚಕಸ ಕೆಳಗಿಟ್ಟು ಮರದ ಹಿಂದೆ ಹೋದರು. ಬಹಳ ಹೊತ್ತಾದ ಮೇಲೆ ಬಂದು, "ಕುಂತದ. ಹೋಗು" ಎಂದರು.

ಚಾಲಕನಿಗೆ ನಗು ಬಂತು. "ತತ್ತಿ ಮ್ಯಾಲ ಕೋಳಿ ಕುಂತಂಗ ಕುಂತದೇನ್ರಿ?" ಎಂದ.

"ಹಂಗ ಅಂತ ತಿಳ್ಕೊ" ಎಂದರು.

ಆಮೇಲೆ ಅವರ ಬಾಯಲ್ಲಿ ಆ ಹಳೆಯ ಶಬ್ದ ಇರಲಿಲ್ಲ. ಅವರ ಮುಂದೆ ಯಾರಾದರೂ ಅಂದರೆ ಗಾಡಿ ಮುಟ್ಟುತ್ತಿರಲಿಲ್ಲ. ಚಾಲಕರು ಮೊದಲು ತಮಾಷೆ ಮಾಡಿದರು, ಆಮೇಲೆ ತಾವೂ ಕುಂತದ ಎನ್ನತೊಡಗಿದರು. ಮನೆಯಲ್ಲೂ ಅದೇ. ಮಳೆ ನಿಂತರೆ ಅವರ ಹೆಂಡತಿ ಮಳೆ ಬಿಟ್ಟಿತು ಎನ್ನುತ್ತಿದ್ದರು. ಬಾನೆಟ್ಟಿನ ಮೇಲೆ ಚಹಾ ಇಡಿಸುವುದೂ ಹೋಯಿತು.

ಕೆಲವು ವರ್ಷಗಳ ಮೇಲೆ, ಚುನಾವಣೆಯ ಕೆಲಸದ ಜೀಪೊಂದರಲ್ಲಿ ಮಾಸ್ತರರು ಆ ಮರದ ಕೆಳಗೆ ಬಂದರು. ಮತ್ತೆ ಮದುವೆಯಾಗಿರಲಿಲ್ಲ. ಜೀಪು ತೇಕುತ್ತಿತ್ತು. ಮಿಸ್ತ್ರಿ ಅವರ ಮುಖ ನೋಡದೆ ಕೆಲಸ ಮುಗಿಸಿ, ಕುಂತದ ಎಂದರು. ಮಾಸ್ತರರು ಜೀಪು ಹತ್ತಲಿಲ್ಲ.

"ನಿಂತದ ಅನ್ರಿ ಮಿಸ್ತ್ರಿ" ಎಂದರು. "ನನ್ನ ಸಲುವಾಗಿ ನಿಮ್ಮ ಮಾತು ಬದ್ಲಿ ಮಾಡಬ್ಯಾಡ್ರಿ. ಯಾರ್ದು ಅಂತ ಒಂದ್ ಮಾತು ಕೇಳಬೇಕಾಗಿತ್ತು ನಾ. ಕೇಳಲಿಲ್ಲ."

ಮಿಸ್ತ್ರಿ ಕಂಬಳಿ ಮಡಚತೊಡಗಿದರು. ನಾನು ಅಲ್ಲೇ ಕೂತಿದ್ದೆ. ಹೇಳಿದವನು ನಾನು ಎಂದು ನಾನೂ ಅನ್ನಲಿಲ್ಲ.

ಆಮೇಲೆ ನಾನು ಬೇರೆ ಊರುಗಳಲ್ಲಿ, ದೊಡ್ಡ ಕಚೇರಿಗಳಲ್ಲಿ ಕೆಲಸ ಮಾಡಿದೆ. ಹೊಸ ವರದಿಗಾರರು ಯಾರದಾದರೂ ಮಾತು ತಂದಾಗ, ಯಾರದು, ಯಾವುದರದು ಎಂದು ಕೇಳಿದೆಯಾ ಎನ್ನುತ್ತಿದ್ದೆ. ಈ ಮುದುಕನಿಗೆ ಅದೊಂದು ಗೀಳು ಎಂದು ಅವರು ಹಿಂದಿನಿಂದ ಆಡಿಕೊಳ್ಳುತ್ತಿದ್ದುದು ನನಗೆ ಗೊತ್ತಿತ್ತು.

ನಿವೃತ್ತನಾಗಿ ಯಾದಗಿರಿಗೆ ಬಂದು ಹಲವು ವರ್ಷಗಳಾದ ಮೇಲೆ ಒಂದು ಹಳೆಯ ಕಾರು ಕೊಂಡೆ. ಸಿಗ್ನಲ್ಲಿನಲ್ಲಿ ನಿಂತರೆ ಆರುತ್ತಿತ್ತು. ಇದರಲ್ಲಿ ಕಾರ್ಬೋರೇಟರು ಇಲ್ಲ, ಥ್ರಾಟಲ್ ಬಾಡಿ ಇದೆ, ಗಾಳಿಯ ಸ್ಕ್ರೂ ಕಂಪನಿಯಲ್ಲೇ ಮುಚ್ಚಿ ಕಳಿಸಿರುತ್ತಾರೆ, ಮುಟ್ಟುವಂತಿಲ್ಲ ಎಂದು ಯಾದಗಿರಿಯ ಗ್ಯಾರೇಜುಗಳಲ್ಲಿ ಹೇಳಿದರು. ಶಹಾಪುರಕ್ಕೆ ಒಯ್ದೆ. ಗ್ಯಾರೇಜು ಮಿಸ್ತ್ರಿಯ ಮಗ ನಡೆಸುತ್ತಿದ್ದ. ಅವನಿಗೇ ಐವತ್ತರ ಹತ್ತಿರ. ಮಿಸ್ತ್ರಿ ಕುರ್ಚಿಯಲ್ಲಿ ಕೂತಿದ್ದರು. ಎಡಗಿವಿ ಪೂರ್ತಿ ಹೋಗಿತ್ತು.

ಎದ್ದು ಬಂದು ಬಾನೆಟ್ಟಿನೊಳಗೆ ಇಣುಕಿ, ಇದರ ಮೂಗು ಎಲ್ಲಿದೆ ಎಂದು ಮಗನನ್ನು ಕೇಳಿದರು. ಮಗ ತೋರಿಸಿದ. ಎಲ್ಲ ಕಂಪ್ಯೂಟರ್ ನೋಡಿಕೊಳ್ಳುತ್ತದೆ ಎಂದ.

"ಉಸುರು ಎಳಿಯೋದು ಕಂಪ್ಯೂಟರೋ, ಇಂಜಿನ್ನೋ?" ಎಂದರು.

ಕಂಬಳಿ ಈಗ ಇರಲಿಲ್ಲ. ಹೊದ್ದಿದ್ದ ಶಾಲಿನಿಂದ ಒಂದು ಎಳೆ ಕಿತ್ತು ಥ್ರಾಟಲ್ ಬಾಡಿಯ ಸುತ್ತ ಹಿಡಿದರು. ಎಲ್ಲೂ ಬಾಗಲಿಲ್ಲ. ಮಗನಿಂದ ಅದನ್ನು ಬಿಚ್ಚಿಸಿ, ಒಳಗಿನ ಕರಿ ಒರೆಸಿಸಿದರು. ಮುಚ್ಚಳದಡಿಯ ಪೇಚನ್ನು ಮಾತ್ರ ತಾವೇ ಹಿಡಿದರು. ಕೈ ನಡುಗುತ್ತಿತ್ತು. ಪೇಚಕಸ ಸೀಳಿನಲ್ಲಿ ಕೂತ ಮೇಲೆ ನಡುಗಲಿಲ್ಲ. ಕಾಲು ಸುತ್ತು ಬಿಚ್ಚಿದರು, ಬಲಗಿವಿ ಇಟ್ಟರು. ಅದರ ಅರ್ಧ ಹಿಂದಕ್ಕೆ. ಕುಂತದ ಎಂದರು. ಪೇಚಿಗೂ ಅಂಚಿಗೂ ಕೂಡಿಸಿ ಬಿಳಿ ಬಣ್ಣದ ಒಂದು ಗೆರೆ ಎಳೆದರು, ಯಾರಾದರೂ ಮುಟ್ಟಿದರೆ ತಿಳಿಯಲಿ ಎಂದು.

ಹೊರಡುವಾಗ ನನ್ನ ಕಿಟಕಿಯ ಹತ್ತಿರ ಬಂದರು. ಅಷ್ಟು ವರ್ಷಗಳಲ್ಲಿ ನಾವು ಆ ದಿನದ ಮಾತೆತ್ತಿರಲಿಲ್ಲ.

"ಅವತ್ತ ಲಾರಿ ಮ್ಯಾಲಿಂದ ಏನಂತ ಒದರಿದ್ರಿ? ಹೇಳ್ರಿ ಒಮ್ಮಿ."

ಹೇಳಿದೆ, ಹೇಗೆ ಒದರಿದ್ದೆನೋ ಹಾಗೇ. ಅವರು ಬಲಗಿವಿ ಮುಂದೆ ಮಾಡಿ, ಕಣ್ಣು ಮುಚ್ಚಿ ಕೇಳಿದರು.

"ಗಾಡೀದು ಅನ್ನೋದು ನಾ ಬಿಟ್ಟೆ" ಎಂದರು. "ನೀವು ಹಾಕಲಿಲ್ಲ."

ಹೌದು ಎಂದೆ.

"ನಿಮ್ಮ ಕಡೀಂದ ತಪ್ಪಿಲ್ಲ. ಹೊತ್ತವ್ರು ಸೇರಸಬಾರದು ಅಂತ ನೀವ ಹೇಳಿದ್ರಿ." ಕಾರಿನ ಮೇಲೆ ಅಂಗೈ ಇಟ್ಟುಕೊಂಡೇ ಸ್ವಲ್ಪ ಹೊತ್ತು ನಿಂತು, ಹೋಗಿ ಕುರ್ಚಿಯಲ್ಲಿ ಕೂತರು.

ಹೋದ ತಿಂಗಳು ಬ್ರೇಕಿನ ಕೆಲಸಕ್ಕೆಂದು ಕಾರನ್ನು ಶಹಾಪುರದಲ್ಲಿ ಬಿಟ್ಟು ಬಂದಿದ್ದೆ. ಉಸುರನ್ನೂ ಒಮ್ಮೆ ನೋಡು ಎಂದು ಮಗನಿಗೆ ಹೇಳಿದ್ದೆ. ಮೂರನೆಯ ದಿನ ಬೆಳಿಗ್ಗೆ ಒಂಬತ್ತು ಗಂಟೆಗೆ ಅವನ ಫೋನು ಬಂತು.

"ಕಾಕಾ, ಉಸುರು ಕುಂತದ್ರಿ."

"ಯಾರ್ದು?" ಎಂದು ಕೇಳಿದೆ.

"ಗಾಡೀದು ನಿನ್ನೇನ ಆತ್ರಿ. ಇದು ಅಪ್ಪಂದು."

ಮಣ್ಣು ಅಂದೇ ಸಂಜೆ ಕೆಂಭಾವಿ ಕಡೆಯ ಅವರ ಹೊಲದಲ್ಲಿ ಆಯಿತು. ರಂಗಂಪೇಟೆಯಿಂದ ಮಾಸ್ತರರು ಬಂದಿದ್ದರು.